ಗ್ಯಾಮಾಕಿರಣಸ್ಫೋಟಗಳಲ್ಲಿ ಕಣವೇಗವರ್ಧನೆ: ಅನುಪಲಬ್ಧಿವಿಚಾರ

1949ರಲ್ಲಿ ಎನ್ರಿಕೋ ಫರ್ಮಿಯು ವಿಶ್ವಕಿರಣಗಳ ಉತ್ಪತ್ತಿಯನ್ನು ಕುರಿತು ಬರೆದ ಪ್ರಬಂಧವು ಕಣವೇಗವರ್ಧನೆಯ ವಿಚಾರಕ್ಕೆ ಮೂಲಸೂತ್ರದಂತಿದೆ. ಅಂತರಿಕ್ಷದಲ್ಲಿ ಅಲೆಯುವ ಕಾಂತಕ್ಷೇತ್ರಗಳನ್ನು ಕಣವು ಎದುರಾಗಿ ತಾಗಿದರೆ ಶಕ್ತಿಯನ್ನು ಪಡೆಯುವುದು, ಹಿಂದಿನಿಂದ ತಾಗಿದರೆ ಕಳೆದುಕೊಳ್ಳುವುದು. ಎದುರುತಾಗುಗಳೇ ಹೆಚ್ಚಾದುದರಿಂದ ಕಡೆಗೆ ಲಾಭವುಳಿಯುವುದು. ಆ ಲಾಭವು ಅತ್ಯಲ್ಪ. ಆಘಾತತರಂಗವೊಂದರ ಎರಡು ಪಾರ್ಶ್ವಗಳ ನಡುವೆ ಕಣವು ಹೋಗಿಬರುತ್ತಿದ್ದರೆ ಪ್ರತಿ ಸುತ್ತಿನಲ್ಲಿಯೂ ಲಾಭವೇ ಎಂದು 1977-78ರಲ್ಲಿ ಕ್ರಿಮ್‌ಸ್ಕಿ, ಬೆಲ್ ಮೊದಲಾದವರು ತೋರಿಸಿ ಆ ಕೊರತೆಯನ್ನು ನೀಗಿಸಿದರು.

ಗ್ಯಾಮಾಕಿರಣಸ್ಫೋಟದಲ್ಲಿ ಬೆಳಕಿಗೆ ಅತಿಸಮೀಪವಾದ ವೇಗದಿಂದ ಹೊರಡುವ ಧಾರೆಯೊಳಗೆ ಇಂತಹ ಆಘಾತಗಳುಂಟಾಗಿ, ಪ್ರೋಟಾನುಗಳು 1ರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟು ಎಲೆಕ್ಟ್ರಾನ್ ವೋಲ್ಟುಗಳಿಗೆ ಏರಬಹುದೆಂದು 1995ರಲ್ಲಿ ವಾಕ್ಸ್‌ಮನ್, ವಿಯೆಟ್ರಿ ಮುಂತಾದವರು ಪ್ರತಿಪಾದಿಸಿದರು. ಹಾಗಾದರೆ ಆ ಪ್ರೋಟಾನುಗಳು ಧಾರೆಯ ಬೆಳಕನ್ನೇ ತಾಗಿ ನ್ಯೂಟ್ರಿನೋಗಳನ್ನು ಹುಟ್ಟಿಸತಕ್ಕದ್ದು.

ದಕ್ಷಿಣಧ್ರುವದ ಹಿಮದಲ್ಲಿ ಹೂಳಿರುವ ಐಸ್‌ಕ್ಯೂಬ್ ಯಂತ್ರಕ್ಕೆ ಅವು ಕಾಣಲಿಲ್ಲ. ಆ ಪಂಡಿತರು 2012ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ನ್ಯೂಟ್ರಿನೋಗಳ ಪ್ರಮಾಣವು ಹೆಚ್ಚೆಂದರೂ ಪೂರ್ವೋಕ್ತ ಗಣನೆಯ 3.7ರಲ್ಲೊಂದು ಭಾಗಕ್ಕೆ ಮೀರದು. ಪ್ರಬಂಧದ ಶಿರೋನಾಮೆಯಲ್ಲಿಯೇ 'ಅಭಾವ' ಎಂಬರ್ಥದ ಪದವಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅನುಪಲಬ್ಧಿಯನ್ನು ಪ್ರಮಾಣವೆಂದೊಪ್ಪಿದ ಭಾಟ್ಟಮೀಮಾಂಸಕರೂ ಯೋಗ್ಯಾನುಪಲಬ್ಧಿಯನ್ನು ಮಾತ್ರ ಒಪ್ಪಿದರು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಇಲ್ಲ. ಪಿಶಾಚವು ಕಾಣದಿದ್ದರೆ ಹಾಗೆನ್ನಲಾಗದು, ಇದ್ದರೂ ಅದು ಕಾಣತಕ್ಕದ್ದಲ್ಲ. ನ್ಯೂಟ್ರಿನೋಗಳು ಎಷ್ಟು ಹುಟ್ಟುವುವೆಂಬುದು ಧಾರೆಯ ವೇಗವನ್ನೂ, ಮೂಲದಿಂದ ಎಷ್ಟು ದೂರದಲ್ಲಿ ತಾಗುಗಳು ನಡೆಯುವುವೆಂಬುದನ್ನೂ ಬಹುವಾಗಿ ಅವಲಂಬಿಸಿದೆ. ವೇಗವು ಹೆಚ್ಚಿದಷ್ಟೂ, ದೂರವು ಬೆಳೆದಷ್ಟೂ ಪ್ರೋಟಾನಿಗೆ ಎದುರಾಗುವ ಬೆಳಕು ವಿರಳವಾಗುವುದು. ಆದಕಾರಣ ಬಿದ್ದುಹೋದದ್ದು ಅಂದಿನ ಗಣನೆಯೇ ಹೊರತು ಪ್ರೋಟಾನಿನ ವೇಗವರ್ಧನೆಯಲ್ಲ. ಪ್ರಬಂಧಕಾರರೂ ಒಳಗೆ ಎರಡು ಪಕ್ಷಗಳನ್ನು ಹೇಳಿರುವರು: ಅತ್ಯುನ್ನತ ವಿಶ್ವಕಿರಣಗಳಿಗೆ ಈ ಸ್ಫೋಟಗಳೊಂದೇ ಮೂಲವಲ್ಲ, ಇಲ್ಲವೆ ನ್ಯೂಟ್ರಿನೋಗಳ ಉತ್ಪತ್ತಿಯು ಎಣಿಸಿದ್ದಕ್ಕಿಂತ ಬಹಳ ಕಡಮೆ. ಒಳಗಿನ ಈ ಎಚ್ಚರವು ಶಿರೋನಾಮೆಯನ್ನಷ್ಟೇ ಓದಿದವರಿಗೆ ದೊರೆಯಲಾರದು.

ಪ್ರತಿಪಕ್ಷದಲ್ಲಿಯೂ ಆತುರವುಂಟು. 2022ರ ಅಕ್ಟೋಬರ್ 9ರಂದು ಕಂಡ ಅತ್ಯುಜ್ಜ್ವಲ ಸ್ಫೋಟದಿಂದ ಚೀನದ ಲಾಸೋ ವೀಕ್ಷಣಾಲಯಕ್ಕೆ 10 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟಿಗೂ ಮೀರಿದ ಕಿರಣಗಳು ದೊರೆತುವು. ಇದರಿಂದಲೇ ಪ್ರೋಟಾನುಗಳ ಉತ್ಕರ್ಷವನ್ನು ಸಾಧಿಸಹೊರಟರೆ ಹೇತುವು ಅನೈಕಾಂತಿಕವಾಗುವುದು. ವೇಗಗೊಂಡ ಎಲೆಕ್ಟ್ರಾನುಗಳು ಮಂದವಾದ ಬೆಳಕನ್ನು ತಾಗಿ ಮೇಲೆತ್ತಿದರೂ ಅಂತಹ ಕಿರಣಗಳುಂಟಾಗಬಲ್ಲುವು. ಆ ಸ್ಫೋಟದಿಂದಲೂ ಐಸ್‌ಕ್ಯೂಬಿಗೆ ನ್ಯೂಟ್ರಿನೋ ದೊರೆಯಲಿಲ್ಲ.