ಅಂಗೈ ಅಗಲದ ಟ್ಯಾಂಕು

"ಹೆಂಗಸರಿಗೇಕೆ ಟ್ಯಾಂಕಿನ ಉಸಾಬರಿ?" ಎಂದು ನಮ್ಮ ಮನೆಗೆ ಬಂದವರು ಒಮ್ಮೆಯಾದರೂ ಕೇಳುತ್ತಾರೆ. ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕದಲ್ಲೇ ಕಡುಹಸಿರು ಬಣ್ಣದ ಪುಟ್ಟ ಟ್ಯಾಂಕುಗಳು ಸಾಲಾಗಿ ನಿಂತಿವೆ. ತಂಗಿಯ ಮಗ ಅರ್ಧ ಜೋಡಿಸಿ ಬಿಟ್ಟುಹೋದ ಒಂದು ಪೆಟ್ಟಿಗೆಯಿಂದ ನನಗೆ ಹತ್ತಿದ ಚಟ ಇದು. ಎಲ್ಲವೂ ಎರಡನೆಯ ಮಹಾಯುದ್ಧ ಕಾಲದ ಸೋವಿಯತ್ ಟ್ಯಾಂಕು ಟಿ-34ರ ಪ್ಲಾಸ್ಟಿಕ್ ಮಾದರಿಗಳೇ. ಒಂದೇ ರಾಗವನ್ನು ನಾಲ್ಕು ಜನರ ಕಂಠದಲ್ಲಿ ಕೇಳಿದವರಿಗೆ ಯಾರು ಎಲ್ಲಿ ತಪ್ಪಿದರು ಎಂದು ಹೇಳುವ ಧೈರ್ಯ ಬರುತ್ತದಲ್ಲ, ಈ ಬರಹದ ಹಿಂದಿರುವುದು ಅಂಥದೇ ಧೈರ್ಯ.

ಪೆಟ್ಟಿಗೆ ತೆರೆದ ಕೂಡಲೇ ನಾನು ಕೈಗೆತ್ತಿಕೊಳ್ಳುವುದು ಅಳತೆಪಟ್ಟಿ. ನಿಜವಾದ ಟಿ-34ರ ಒಡಲು, ಮುಂದಕ್ಕೆ ಚಾಚಿದ ತೋಪಿನ ನಳಿಗೆ ಬಿಟ್ಟು, ಸುಮಾರು 5.9 ಮೀಟರ್ ಉದ್ದ. ಅಗಲ 3 ಮೀಟರ್. ಈ ಪುಟ್ಟ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 72ರಲ್ಲಿ ಒಂದು ಪಾಲು ಎಂಬ ಪ್ರಮಾಣ. ಆರಡಿ ಎತ್ತರದ ಮನುಷ್ಯ ಒಂದಂಗುಲ ಆಗುತ್ತಾನೆ, ಲೆಕ್ಕ ಸುಲಭ. ಇನ್ನೊಂದು ಹಳೆಯ ಪ್ರಮಾಣ 76ರಲ್ಲಿ ಒಂದು ಪಾಲು. ಇಂಗ್ಲೆಂಡಿನ ಏರ್‌ಫಿಕ್ಸ್, ಮ್ಯಾಚ್‌ಬಾಕ್ಸ್ ಕಂಪನಿಗಳ ಹಳೆಯ ಟ್ಯಾಂಕುಗಳೆಲ್ಲ ಈ ಅಳತೆಯವು. 72ರ ಲೆಕ್ಕದಲ್ಲಿ ಒಡಲು 82 ಮಿಲಿಮೀಟರ್, 76ರ ಲೆಕ್ಕದಲ್ಲಿ 78. ನಾಲ್ಕು ಮಿಲಿಮೀಟರ್ ಯಾವ ಮಹಾ ವ್ಯತ್ಯಾಸ ಎನ್ನಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಅವಳಿಗಳ ಹಾಗಲ್ಲ.

ಅಳತೆ ಸರಿಯಿದ್ದ ಮಾತ್ರಕ್ಕೆ ಮಾದರಿ ಸರಿಯಾಗುವುದಿಲ್ಲ. ಟಿ-34ರ ಗುಟ್ಟು ಅದರ ಇಳಿಜಾರಿನಲ್ಲಿದೆ. ಮುಂಭಾಗದ ಉಕ್ಕಿನ ಹಾಳೆಯ ದಪ್ಪ 45 ಮಿಲಿಮೀಟರ್ ಮಾತ್ರ. ಆದರೆ ಅದು ನೆಟ್ಟಗೆ ನಿಂತಿಲ್ಲ, 60 ಡಿಗ್ರಿ ಹಿಂದಕ್ಕೆ ವಾಲಿದೆ. ಎದುರಿನಿಂದ ಬಂದ ಗುಂಡು ಓರೆಯಾಗಿ ಹೆಚ್ಚು ಉಕ್ಕನ್ನು ದಾಟಬೇಕು, ಇಲ್ಲವೇ ಜಾರಿಹೋಗಬೇಕು. ಇದನ್ನು ರೂಪಿಸಿದ ಮುಖ್ಯ ಎಂಜಿನಿಯರ್ ಮಿಖಾಯಿಲ್ ಕೋಶ್ಕಿನ್ 1940ರಲ್ಲೇ ತೀರಿಕೊಂಡ. ತನ್ನ ಟ್ಯಾಂಕು ಯುದ್ಧಕ್ಕೆ ಇಳಿದದ್ದನ್ನು ಅವನು ನೋಡಲಿಲ್ಲ. ಮಾದರಿಯಲ್ಲಿ ಈ ಇಳಿಜಾರು ತುಸು ನೆಟ್ಟಗಾದರೂ ಟ್ಯಾಂಕಿನ ಮುಖ ಕೆಡುತ್ತದೆ. ಇನ್ನೊಂದು ತಮಾಷೆ: 45 ಮಿಲಿಮೀಟರನ್ನು 72ರಿಂದ ಭಾಗಿಸಿದರೆ 0.6 ಬರುತ್ತದೆ. ಪ್ಲಾಸ್ಟಿಕ್ ಗೋಡೆ ಅದಕ್ಕಿಂತ ದಪ್ಪ. ಆಟದ ಟ್ಯಾಂಕಿನ ಕವಚವೇ ನಿಜದ ಟ್ಯಾಂಕಿಗಿಂತ ಭದ್ರ ಅಂದಹಾಗಾಯಿತು!

ಮಾಸ್ಕೋ ಹತ್ತಿರದ ಲೊಬ್ನ್ಯ ಊರಿನ ಜ್ವೆಜ್ದಾ ಕಂಪನಿಯದು ಇನ್ನೂ ಚಿಕ್ಕದು, 100ರಲ್ಲಿ ಒಂದು ಪಾಲು. ಜ್ವೆಜ್ದಾ ಅಂದರೆ ನಕ್ಷತ್ರ. ಅಂಟೂ ಬೇಡ, ಒಂದರೊಳಗೊಂದು ಒತ್ತಿ ಕೂರಿಸಿದರೆ ಮುಗಿಯಿತು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ನಾನು ಒಂದನ್ನು ಜೋಡಿಸಿದ್ದೇನೆ. ದೂರದಿಂದ ನೋಡಿದರೆ ರೂಪ ಚೆನ್ನಾಗಿಯೇ ಇದೆ. ಆದರೆ ಗಾಲಿಗಳೂ ಅವುಗಳ ಸುತ್ತಲಿನ ಉಕ್ಕಿನ ಪಟ್ಟಿಯೂ, ಅಂದರೆ ಟ್ರ್ಯಾಕೂ, ಒಂದೇ ಅಚ್ಚಿನಲ್ಲಿ ಅಂಟಿಕೊಂಡು ಬಂದಿವೆ. ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ನನಗೆ ಸಾಲದು.

ಏಕೆಂದರೆ ನನ್ನ ಮಟ್ಟಿಗೆ ಟ್ಯಾಂಕಿನ ಜೀವ ಇರುವುದು ಟ್ರ್ಯಾಕಿನಲ್ಲೇ. ಟಿ-34ಕ್ಕೆ ಪ್ರತಿ ಬದಿಗೂ ಐದು ದೊಡ್ಡ ಗಾಲಿಗಳು. ಟ್ರ್ಯಾಕಿನ ಮೇಲಿನ ಭಾಗವನ್ನು ಎತ್ತಿ ಹಿಡಿಯಲು ಬೇರೆ ಪುಟ್ಟ ಉರುಳೆಗಳಿಲ್ಲ. ಅದು ತನ್ನ ಭಾರಕ್ಕೆ ತಾನೇ ಜೋತು ಗಾಲಿಗಳ ಮೇಲೆ ಕೂರುತ್ತದೆ. ಒಣಹಾಕಿದ ತೊಯ್ದ ಸೀರೆ ಹಗ್ಗದಿಂದ ಹಗ್ಗಕ್ಕೆ ಇಳಿಬೀಳುವ ಹಾಗೆ. ಹಳೆಯ ಏರ್‌ಫಿಕ್ಸ್ ಟ್ಯಾಂಕುಗಳಲ್ಲಿ ಕೊಡುತ್ತಿದ್ದುದು ಮೆತ್ತನೆಯ ಪಾಲಿಥಿನ್ ಪಟ್ಟಿ. ಅಂಟು ಹಿಡಿಯುವುದಿಲ್ಲ, ಬಣ್ಣ ನಿಲ್ಲುವುದಿಲ್ಲ. ಸ್ಕ್ರೂಡ್ರೈವರ್ ಕಾಯಿಸಿ ಎರಡು ತುದಿಗಳನ್ನು ಒತ್ತಿ ಬೆಸೆಯಬೇಕು. ಬೆಸೆದ ಮೇಲೆ ಅದು ರಬ್ಬರ್ ಬ್ಯಾಂಡಿನ ಹಾಗೆ ಸೆಟೆದು ಗಾಲಿಗಳ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ. ಭಾರವೇ ಇಲ್ಲದ ಟ್ಯಾಂಕು! ಜರ್ಮನಿಯ ರೆವೆಲ್ ಕಂಪನಿಯ 72ರ ಪ್ರಮಾಣದ ಕಿಟ್ಟಿನಲ್ಲಿ ಟ್ರ್ಯಾಕು ಗಟ್ಟಿ ಪ್ಲಾಸ್ಟಿಕ್ಕಿನ ತುಂಡುತುಂಡಾಗಿ ಬರುತ್ತದೆ: ನೇರ ಭಾಗಕ್ಕೆ ಉದ್ದ ತುಂಡು, ತಿರುವಿಗೆ ಬಿಡಿ ಕೊಂಡಿಗಳು. ಅಂಟು ಹಸಿಯಿರುವಾಗಲೇ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಆ ಜೋತು ತಾನಾಗಿ ಬರುತ್ತದೆ. ಕಣ್ಣು ಸೋತುಹೋಗುವ ಕೆಲಸ ನಿಜ. ಮೊಗ್ಗಿನ ಜಡೆ ಹೆಣೆದವರಿಗೆ ಕಷ್ಟವೇನಲ್ಲ. ಹಿಟ್ಲರನ ಸೇನೆಯನ್ನು ಹಿಮ್ಮೆಟ್ಟಿಸಿದ ಟ್ಯಾಂಕಿನ ಒಳ್ಳೆಯ ಮಾದರಿ ಜರ್ಮನಿಯಿಂದಲೇ ಬಂತಲ್ಲ ಎಂದು ಮಾತ್ರ ನಗು ಬರುತ್ತದೆ.

ಇನ್ನು ನನ್ನ ದೊಡ್ಡ ತಕರಾರು. ಈ ಕಿಟ್ಟುಗಳೆಲ್ಲ ತೀರ ನುಣುಪು. ತೋಪನ್ನು ಹೊತ್ತು ಸುತ್ತ ತಿರುಗುವ ಟರೆಟ್ ಅಂತೂ ಹೊಸ ಸಾಬೂನಿನಷ್ಟು ನಯ. ನಿಜ ಹಾಗಿರಲಿಲ್ಲ. 1941ರಲ್ಲಿ ಜರ್ಮನರು ಹತ್ತಿರ ಬಂದಾಗ ಖಾರ್ಕೊವ್‌ನ ಟ್ಯಾಂಕು ಕಾರ್ಖಾನೆಯನ್ನು ಯಂತ್ರಗಳ ಸಮೇತ ರೈಲಿಗೆ ಹೇರಿ ಉರಾಲ್ ಬೆಟ್ಟಗಳ ಕಡೆ ನಿಜ್ನಿ ತಗಿಲ್‌ಗೆ ಸಾಗಿಸಿದರು. ಗಂಡಸರು ರಣರಂಗಕ್ಕೆ ಹೋಗಿದ್ದ ಕಾರ್ಖಾನೆಗಳಲ್ಲಿ ಹೆಂಗಸರೂ ಹದಿಹರೆಯದ ಮಕ್ಕಳೂ ಯಂತ್ರಗಳ ಮುಂದೆ ನಿಂತರು. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದ ಟಿ-34ಗಳು 50,000ಕ್ಕೂ ಹೆಚ್ಚು. ಅಂಥ ಅವಸರದಲ್ಲಿ ನಯ ಮಾಡುತ್ತ ಕೂರುವುದಕ್ಕೆ ಯಾರಿಗೆ ಪುರುಸೊತ್ತು? ಎರಕ ಹೊಯ್ದ ಟರೆಟ್‌ನ ಮೈ ಕಲ್ಲುಗಾರೆಯ ಗೋಡೆಯಂತೆ ಒರಟಾಗಿಯೇ ಉಳಿಯಿತು, ಅಚ್ಚಿನ ಅಂಚು ಕಾಣುವಂತೆಯೇ ಉಳಿಯಿತು. 1942ರಲ್ಲಿ ರಬ್ಬರಿಗೆ ಬರ ಬಂದಾಗ ಕೆಲವು ಕಾರ್ಖಾನೆಗಳು ರಬ್ಬರ್ ಅಂಚಿಲ್ಲದ ಬರಿಯ ಉಕ್ಕಿನ ಗಾಲಿಗಳನ್ನೇ ಹಾಕಿ ಕಳಿಸಿದವು. ಒಗ್ಗರಣೆಗೆ ಎಣ್ಣೆ ಇಲ್ಲದ ತಿಂಗಳ ಕೊನೆಯಲ್ಲಿ ನಾವೂ ಸಾರು ಮಾಡುತ್ತೇವಲ್ಲ, ಹಾಗೆ.

ಮಾದರಿಗಳನ್ನು ಅಳೆದು ಬರೆಯುವ ಗಂಡಸರು ಬೋಲ್ಟುಗಳನ್ನು ಎಣಿಸುತ್ತಾರೆ, ನಳಿಗೆಯ ಉದ್ದ ಅರ್ಧ ಮಿಲಿಮೀಟರ್ ಕಡಿಮೆಯಾಯಿತೆಂದು ಜಗಳವಾಡುತ್ತಾರೆ. ನುಣುಪನ್ನು ಮಾತ್ರ ಗುಣವೆಂದೇ ಹೊಗಳುತ್ತಾರೆ. ನನಗದು ಸುಳ್ಳಾಗಿ ಕಾಣುತ್ತದೆ. ಆ ಒರಟಿನಲ್ಲಿ ಅದನ್ನು ಮಾಡಿದವರ ಕೈಯ ಗುರುತಿದೆ. ಅದನ್ನು ಅಳಿಸಿದರೆ ಉಳಿಯುವುದು ಬರಿಯ ಆಕಾರ. ನಾನು ಟರೆಟ್‌ಗೆ ತೆಳುವಾದ ಪ್ಲಾಸ್ಟಿಕ್ ಅಂಟು ಬಳಿದು, ಮೈ ಮೆತ್ತಗಾದಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟುತ್ತೇನೆ. ಒಣಗಿದ ಮೇಲೆ ಎರಕದ ಒರಟು ಬರುತ್ತದೆ. ಮೊದಲ ಸಲ ಅಂಟು ಹೆಚ್ಚಾಗಿ ಒಂದು ಟರೆಟ್ ಕರಗಿಯೇ ಹೋಯಿತು, ಆ ಮಾತು ಬೇರೆ. ಸೈನಿಕರು ಟ್ಯಾಂಕಿನ ಬೆನ್ನ ಮೇಲೆ ಕೂತು ಸಾಗುವಾಗ ಹಿಡಿದುಕೊಳ್ಳುತ್ತಿದ್ದ ಕಂಬಿಗಳೂ ಅಷ್ಟೇ: ಅಚ್ಚಿನಲ್ಲಿ ಅಷ್ಟು ತೆಳು ಬರುವುದಿಲ್ಲ, ಬಂದರೆ ನುಚ್ಚಕ್ಕಿ ಕಡ್ಡಿಯಷ್ಟು ದಪ್ಪ. ಹಳೆಯ ವೈರಿನೊಳಗಿನ ತಾಮ್ರದ ಎಳೆಯನ್ನು ಬಗ್ಗಿಸಿ ನಾನೇ ಹಾಕಿದ್ದೇನೆ.

ನನ್ನ ಬಳಿ ಇರುವ ಪೆಟ್ಟಿಗೆಗಳಲ್ಲಿ ಕೆಲವದರೊಳಗೆ ಒಂದಂಗುಲದ ಸೈನಿಕರೂ ಇದ್ದರು. ಒಬ್ಬಳೂ ಹೆಂಗಸಿರಲಿಲ್ಲ. ಆಗ ನೆನಪಾಗುವವಳು ಮರಿಯಾ ಒಕ್ತ್ಯಾಬ್ರ್‌ಸ್ಕಯಾ. 1905ರಲ್ಲಿ ಕ್ರಿಮಿಯಾದಲ್ಲಿ ಹುಟ್ಟಿದವಳು. ಸೇನೆಯಲ್ಲಿದ್ದ ಗಂಡ 1941ರಲ್ಲಿ ಸತ್ತ. ಸೈಬೀರಿಯದ ತೋಮ್‌ಸ್ಕ್ ಊರಿನಲ್ಲಿದ್ದ ಅವಳಿಗೆ ಸುದ್ದಿ ತಲುಪಿದ್ದೇ ತಡವಾಗಿ. ಮನೆಯ ಸಾಮಾನೆಲ್ಲ ಮಾರಿ 50,000 ರೂಬಲ್ ಕೂಡಿಸಿ, ಇದರಿಂದ ಒಂದು ಟ್ಯಾಂಕು ಮಾಡಿಸಿ, ಅದನ್ನು ನಾನೇ ಓಡಿಸಬೇಕು ಎಂದು ಸ್ಟಾಲಿನ್‌ಗೆ ಬರೆದಳು. ಒಪ್ಪಿಗೆ ಸಿಕ್ಕಿತು. ಟಿ-34ರ ಟರೆಟ್ ಮೇಲೆ 'ರಣಸಖಿ' ಎನ್ನುವ ಅರ್ಥದ ಹೆಸರು ಬರೆಸಿ, 1943ರ ಅಕ್ಟೋಬರಿನಲ್ಲಿ ಯುದ್ಧಕ್ಕಿಳಿದಳು. 1944ರ ಜನವರಿಯಲ್ಲಿ ಅವಳ ಟ್ಯಾಂಕಿನ ಟ್ರ್ಯಾಕು ಕಡಿಯಿತು. ಗುಂಡಿನ ಮಳೆಯಲ್ಲೇ ಹೊರಗಿಳಿದು ರಿಪೇರಿಗೆ ತೊಡಗಿದಳು. ಸಿಡಿದ ಚೂರು ತಲೆಗೆ ಹೊಕ್ಕಿತು. ಮಾರ್ಚ್ 15ರಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ವರ್ಷವೇ ಅವಳಿಗೆ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಕೊಟ್ಟರು.

ಅದಕ್ಕೇ ನನ್ನ ತೀರ್ಪು ರೆವೆಲ್ ಕಡೆಗೆ. ಟರೆಟ್ ನುಣುಪೆಂಬ ದೂರು ಅದರ ಮೇಲೂ ಇದೆ. ಆದರೆ ಅದರ ಟ್ರ್ಯಾಕನ್ನು ಬಿಚ್ಚಿಡಬಹುದು. ಅಚ್ಚಿನಲ್ಲೇ ಗಾಲಿಗೆ ಅಂಟಿ ಬಂದ ಪಟ್ಟಿಯನ್ನೋ ರಬ್ಬರ್ ಬ್ಯಾಂಡಿನಂಥ ಪಟ್ಟಿಯನ್ನೋ ಹಾಗೆ ಕಡಿದು ಹರಡಲಾಗುವುದಿಲ್ಲ. ಷೋಕೇಸಿನ ಮೂಲೆಯಲ್ಲಿರುವ ಟ್ಯಾಂಕಿನ ಒಂದು ಬದಿಯ ಟ್ರ್ಯಾಕನ್ನು ನಾನು ಜೋಡಿಸಿಲ್ಲ. ಕೊಂಡಿಗಳನ್ನು ಕೆಸರುಬಣ್ಣದ ರಟ್ಟಿನ ಮೇಲೆ ಹಾಸಿ, ಗಾಲಿಯ ಪಕ್ಕದಲ್ಲಿ ಒಬ್ಬರು ಮಂಡಿಯೂರಿ ಕೂರುವಷ್ಟು ಜಾಗ ಬಿಟ್ಟಿದ್ದೇನೆ.