ಗಸಿಯ ರುಚಿ

ತುಪ್ಪ ಕಾಯಿಸಿದ ಪಾತ್ರೆಯ ತಳದ ಗಸಿಗೆ ಬಿಸಿ ಅನ್ನ ಕಲಸಿ ತಿಂದವರಿಗೆ ಶಾಂಪೇನಿನ ರುಚಿಯನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಮೇಲಿನ ತಿಳಿಯಲ್ಲಿ ಇಲ್ಲದ ಘಮ ಆ ಗಸಿಯಲ್ಲಿ ಇರುತ್ತದೆ. ಗುಳ್ಳೆಯೇಳುವ ವೈನ್‌ಗಳ ವಿಷಯದಲ್ಲೂ ಹಾಗೆಯೇ. ಗುಳ್ಳೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಮಾತ್ರ ಮೊದಲು ಕೇಳುವುದು, ಈ ವೈನ್ ತನ್ನ ಗಸಿಯ ಜೊತೆ ಎಷ್ಟು ದಿನ ಬಾಳಿದೆ ಎಂದು.

ಗಸಿ ಎಂದರೆ ಇಲ್ಲಿ ಸತ್ತ ಈಸ್ಟ್. ಫ್ರಾನ್ಸಿನ ಈಶಾನ್ಯಕ್ಕಿರುವ ಶಾಂಪೇನ್ ಪ್ರಾಂತ್ಯ ಚಳಿಯ ನಾಡು, ಸುಣ್ಣದ ನೆಲ. ಅಲ್ಲಿನ ಶಾರ್ಡನೆ, ಪಿನೋ ನ್ವಾರ್, ಮ್ಯೂನಿಯೆ ದ್ರಾಕ್ಷಿಗಳಿಂದ ಮೊದಲು ಹುಳಿಹುಳಿಯಾದ ಸಾದಾ ವೈನ್ ಮಾಡುತ್ತಾರೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಈಸ್ಟ್ ಸೇರಿಸಿ ದಪ್ಪ ಗಾಜಿನ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ದೋಸೆ ಹಿಟ್ಟು ಉಬ್ಬಿದಂತೆ ಇಲ್ಲೂ ಹುದುಗು ಏಳುತ್ತದೆ, ಆದರೆ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಆರು ಅಟ್ಮಾಸ್ಫಿಯರ್ ಮುಟ್ಟುತ್ತದೆ, ಕಾರಿನ ಟೈರಿನ ಒತ್ತಡದ ಎರಡೂವರೆ ಪಟ್ಟಿಗೂ ಹೆಚ್ಚು. ಸಕ್ಕರೆ ತೀರಿದ ಮೇಲೆ ಈಸ್ಟ್ ಸತ್ತು ತಳಕ್ಕಿಳಿಯುತ್ತದೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಆ ಗಸಿ ಕತ್ತಲ ನೆಲಮಾಳಿಗೆಯಲ್ಲಿ ನಿಧಾನವಾಗಿ ಒಡೆದು ವೈನಿಗೆ ಬ್ರೆಡ್ಡಿನ ಕೆಂಪು ಅಂಚಿನ, ಹುರಿದ ಬಾದಾಮಿಯ ವಾಸನೆ ಕೊಡುತ್ತದೆ. ಸಾಮಾನ್ಯ ಶಾಂಪೇನ್ ಕನಿಷ್ಠ 15 ತಿಂಗಳು ಮಾಳಿಗೆಯಲ್ಲಿರಬೇಕು, ಅದರಲ್ಲಿ 12 ತಿಂಗಳು ಗಸಿಯ ಮೇಲೆ. ಒಂದೇ ವರ್ಷದ ಬೆಳೆಯದಾದರೆ ಮೂರು ವರ್ಷ. ಇದು ಕಾನೂನು.

ಇಷ್ಟು ಉಪಕಾರ ಮಾಡಿದ ಗಸಿಯನ್ನು ಹೊರಹಾಕುವುದು ಹೇಗೆ? ಇಪ್ಪತ್ತೇಳನೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರದ ಹೊಣೆ ಹೊತ್ತ ಮದಾಮ್ ಕ್ಲಿಕೋ ಅವರ ಮಾಳಿಗೆಯಲ್ಲಿ, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. ತೂತು ಕೊರೆದ ಹಲಗೆಗೆ ಬಾಟಲಿಗಳನ್ನು ಕತ್ತು ಕೆಳಗಾಗಿ ಸಿಕ್ಕಿಸಿ, ದಿನವೂ ಚೂರುಚೂರೇ ತಿರುಗಿಸುತ್ತ ಹೋದರೆ, ಕೆಲವು ವಾರಗಳಲ್ಲಿ ಗಸಿಯೆಲ್ಲ ಜಾರಿ ಕತ್ತಿನಲ್ಲಿ ಕೂರುತ್ತದೆ. ಈಗ ಆ ಕತ್ತನ್ನು ಕೊರೆಯುವಷ್ಟು ತಣ್ಣಗಿನ ದ್ರಾವಣದಲ್ಲಿ ಅದ್ದುತ್ತಾರೆ. ಮುಚ್ಚಳ ತೆಗೆದ ಕೂಡಲೇ ಗಸಿಯ ಮಂಜುಗಡ್ಡೆ ಟಪ್ಪೆಂದು ಹಾರಿಬೀಳುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನು, ತುಸು ಸಕ್ಕರೆ ತುಂಬಿ ಬಿರಡೆ ಜಡಿಯುತ್ತಾರೆ. ಕೊಳ್ಳುವವರು ಒಂದು ಮಾತು ನೆನಪಿಡಿ: ಲೇಬಲ್ಲಿನಲ್ಲಿ ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಅದು ‘ಬ್ರೂಟ್’ಗಿಂತ ಸಿಹಿ.

ಸ್ಪೇನಿನ ಕಾವಾ ಇದೇ ಹಾದಿಯದು. ಬಾರ್ಸಿಲೋನಾ ಸಮೀಪದ ಸಾಂತ್ ಸದುರ್ನಿ ಊರಿನಲ್ಲಿ 1872ರಲ್ಲಿ ಜೋಸೆಪ್ ರವೆಂತೋಸ್ ಶುರುಮಾಡಿದ್ದು. ಸಾದಾ ಕಾವಾಕ್ಕೆ ಗಸಿಯ ಮೇಲೆ ಒಂಬತ್ತು ತಿಂಗಳು ಸಾಕು. ನನ್ನ ನಾಲಿಗೆಗೆ ಅದು ಸಾಲದು. ಒಂದಿಷ್ಟು ಹೆಚ್ಚು ಕೊಟ್ಟು 18 ತಿಂಗಳ ‘ರೆಸೆರ್ವಾ’ ತನ್ನಿ.

ಇಟಲಿಯ ಪ್ರೊಸೆಕೊ ಹಿಡಿದದ್ದು ಬೇರೆಯೇ ದಾರಿ. ಅದನ್ನು ಬಡವರ ಶಾಂಪೇನ್ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅದರ ಗ್ಲೇರಾ ದ್ರಾಕ್ಷಿಗೆ ಪೇರ್ ಹಣ್ಣಿನ, ಬಿಳಿ ಹೂವಿನ ನವಿರಾದ ಪರಿಮಳವಿದೆ. ವರ್ಷಗಟ್ಟಲೆ ಗಸಿಯ ಮೇಲಿಟ್ಟರೆ ಅದು ಮುಚ್ಚಿಹೋಗುತ್ತದೆ. ಅದಕ್ಕೇ ಎರಡನೇ ಹುದುಗು ಬಾಟಲಿಯಲ್ಲಲ್ಲ, ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ. ಈ ವಿಧಾನವನ್ನು 1895ರಲ್ಲಿ ಫೆದೆರಿಕೊ ಮಾರ್ತಿನೊತ್ತಿ ರೂಪಿಸಿದರು, 1907ರಲ್ಲಿ ಫ್ರಾನ್ಸಿನ ಯೂಜೀನ್ ಶಾರ್ಮಾ ಸುಧಾರಿಸಿದರು. ಗಸಿಯನ್ನು ಬೇಗ ಸೋಸಿ ತೆಗೆದು, ಹಣ್ಣಿನ ತಾಜಾತನವನ್ನು ಉಳಿಸಿಕೊಳ್ಳುತ್ತಾರೆ. ಇದನ್ನು ಕೊಂಡ ವರ್ಷವೇ ಕುಡಿದು ಮುಗಿಸಬೇಕು.

ಪ್ರೊಸೆಕೊ ಬೆಳೆಯುವ, ಕೊನೆಲ್ಯಾನೊ ಮತ್ತು ವಾಲ್ದೊಬ್ಯಾದೆನೆ ಊರುಗಳ ನಡುವಿನ ಕಡಿದಾದ ಗುಡ್ಡಗಳು 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಟ್ಯಾಂಕು ಬರುವ ಮುಂಚೆ ಅಲ್ಲಿನ ರೈತರು ಚಳಿಗೆ ಹುದುಗು ನಿಂತ ವೈನನ್ನು ಬಾಟಲಿಗೆ ತುಂಬಿಡುತ್ತಿದ್ದರು. ವಸಂತದ ಬಿಸಿಲಿಗೆ ಉಳಿದ ಸಕ್ಕರೆ ಮತ್ತೆ ಹುದುಗಿ ಗುಳ್ಳೆಯೇಳುತ್ತಿತ್ತು. ಗಸಿಯನ್ನು ಯಾರೂ ತೆಗೆಯುತ್ತಿರಲಿಲ್ಲ. ಈಗಲೂ ಕೆಲವರು ಹೀಗೆಯೇ ಮಾಡುತ್ತಾರೆ. ಹೆಸರು ‘ಕೋಲ್ ಫೊಂದೊ’, ಅಂದರೆ ತಳದ ಸಮೇತ.

ಸಿಕ್ಕರೆ ಬಿಡಬೇಡಿ. ಬಾಟಲಿಯನ್ನು ಒಂದು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ಉದ್ದನೆಯ ಕೊಳವೆಯಂಥ ಗ್ಲಾಸು ಬೇಡ, ಅದರಲ್ಲಿ ಗುಳ್ಳೆ ಚೆಂದ ಕಂಡರೂ ವಾಸನೆ ಮೂಗಿಗೆ ತಲುಪುವುದಿಲ್ಲ. ಹೊಟ್ಟೆ ಅಗಲವಾದ ಸಾದಾ ವೈನ್ ಗ್ಲಾಸು ಸಾಕು. ಅಲುಗಿಸದೆ ಬಗ್ಗಿಸಿದರೆ ಮೊದಲ ಗ್ಲಾಸು ತಿಳಿಯಾಗಿ, ನಿಂಬೆಯಂತೆ ಚುರುಕಾಗಿರುತ್ತದೆ. ಮುಂದಿನವು ಕ್ರಮೇಣ ಮಬ್ಬಾಗುತ್ತ ಹೋಗುತ್ತವೆ. ಕೊನೆಯದು ಅಕ್ಕಿ ತೊಳೆದ ನೀರಿನ ಬಣ್ಣ, ಹುಳಿ ಬಂದ ಹಿಟ್ಟಿನ ಘಮ, ನಾಲಿಗೆಯ ಮೇಲೆ ತುಸು ತರಿತರಿ. ಅತಿಥಿಗಳಿಗೆ ತಿಳಿಯಾದದ್ದನ್ನು ಕೊಡುತ್ತೇನೆ. ಕೊನೆಯ ಗ್ಲಾಸನ್ನು ಅವರಲ್ಲಿ ಯಾರಾದರೂ ಕೇಳಿದರೆ, ಅವರ ಮುಂದಿನ ಬರವಿಗೆ ಇನ್ನೊಂದು ಬಾಟಲಿ ತಂದಿಡುತ್ತೇನೆ.