ಕೆಂಪು ಪಾಚಿಯ ಸಾಕ್ಷ್ಯ

ಕಡಲಿಗೆ ಸೇರಿದ ಕೊಳಚೆಯ ಜಾಡು ಹಿಡಿಯುವುದು ಕಷ್ಟದ ಕೆಲಸ. ಬೆಳಿಗ್ಗೆ ಬಾಟಲಿಗೆ ತುಂಬಿಕೊಂಡ ನೀರು ಮಧ್ಯಾಹ್ನ ಇಳಿತದ ಹೊತ್ತಿಗೆ ಅಲ್ಲಿರುವುದಿಲ್ಲ. ನೀರಿಗೆ ಬಿದ್ದ ಸಾರಜನಕವನ್ನು ಪಾಚಿ, ಸಸ್ಯಗಳು ಆಗಿಂದಾಗಲೇ ಹೀರಿಬಿಡುವುದರಿಂದ ಪರೀಕ್ಷೆಯ ವರದಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದುಂಟು. ಆಸ್ಟ್ರೇಲಿಯಾದ ಬ್ರಿಸ್ಬೇನ್ ಪಕ್ಕದ ಮೊರ್ಟನ್ ಕೊಲ್ಲಿಯಲ್ಲಿ ಸೈಮನ್ ಕೊಸ್ಟಾಂಜೊ ಮತ್ತು ಸಂಗಡಿಗರು ಹೀರಿದ ಪಾಚಿಯನ್ನೇ ಸಾಕ್ಷಿಗೆ ಕರೆದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಜಾಣ್ಮೆ ಇರುವುದು ಅದರ ಸರಳತೆಯಲ್ಲಿ.

ಕಾಂಡ್ಲಾ ಗಿಡಗಳ ಉಸಿರುಬೇರಿಗೆ ಅಂಟಿ ಬೆಳೆಯುವ ಕ್ಯಾಟೆನೆಲ್ಲಾ ಎಂಬ ಕೆಂಪು ಪಾಚಿಯೊಂದಿದೆ. ಅದರ ತುಣುಕುಗಳನ್ನು ತೂತುಗಳಿರುವ ಪಾರದರ್ಶಕ ಡಬ್ಬಿಗಳಲ್ಲಿಟ್ಟು ಕೊಲ್ಲಿಯ ಹಲವೆಡೆ ತೂಗುಬಿಟ್ಟರು. ನಾಲ್ಕು ದಿನ ಕಳೆದ ಮೇಲೆ ತೆಗೆದು, ಒಣಗಿಸಿ, ಪುಡಿಮಾಡಿ, ಸಾರಜನಕದ ಎರಡು ಸ್ಥಿರ ಐಸೊಟೋಪ್‌ಗಳಾದ 15 ಮತ್ತು 14ರ ಅನುಪಾತ ಅಳೆದರು. ಗಾಳಿಯಲ್ಲಿರುವ ಸಾರಜನಕದಲ್ಲಿ ಭಾರದ 15ರ ಪಾಲು ಶೇ. 0.37 ಮಾತ್ರ, ಅಳತೆಯ ಸೊನ್ನೆ ಅದೇ; ಅನುಪಾತ ಅದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಎಂಬುದೇ ಅಂಕ. ಕೊಳಚೆಯಿಂದ ಅಮೋನಿಯಾ ಆವಿಯಾಗುವಾಗ, ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸುವಾಗ, ಹಗುರವಾದ 14 ಹೆಚ್ಚು ಹಾರಿಹೋಗುತ್ತದೆ, 15 ಹಿಂದುಳಿಯುತ್ತದೆ. ಗಾಳಿಯಿಂದಲೇ ತಯಾರಾಗುವ ರಾಸಾಯನಿಕ ಗೊಬ್ಬರದ ಅಂಕ ಸೊನ್ನೆಯ ಆಸುಪಾಸಿನಲ್ಲಿದ್ದರೆ, ಸಂಸ್ಕರಿಸಿದ ಕೊಳಚೆಯದು ಸಾವಿರಕ್ಕೆ 10, ಕೆಲವೊಮ್ಮೆ 20ರವರೆಗೂ ಏರುತ್ತದೆ. ಹಾಗೆ ಮೂಡಿದ ನಕ್ಷೆಯಲ್ಲಿ ನದೀಮುಖಗಳಿಂದ ಕೊಲ್ಲಿಯೊಳಕ್ಕೆ ಚಾಚಿದ ಕೊಳಚೆಯ ನಾಲಗೆಗಳು ಎದ್ದು ಕಂಡವು. ಸಂಸ್ಕರಣಾ ಘಟಕಗಳು ಸುಧಾರಿಸಿದ ಮೇಲೆ ಅವು ಕುಗ್ಗಿದ್ದನ್ನು 2005ರ ಪ್ರಬಂಧ ತೋರಿಸಿತು. ವಿಜ್ಞಾನ ಗೊತ್ತಿಲ್ಲದ ಮೀನುಗಾರನಿಗೂ ಅರ್ಥವಾಗುವ ಚಿತ್ರವಿದು. ಇಂಥ ಸ್ಪಷ್ಟತೆ ಪರಿಸರ ವರದಿಗಳಲ್ಲಿ ಅಪರೂಪ.

ಆದರೂ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸಗಣಿ ಗೊಬ್ಬರವೂ ಹೆಚ್ಚುಕಡಿಮೆ ಇದೇ ಗುರುತು ಬಿಡುತ್ತದೆ. ತೀರದ ಕೆಸರಿನಲ್ಲಿ ತಾನಾಗಿ ನಡೆಯುವ ನೈಟ್ರೇಟ್ ವಿಭಜನೆಯೂ ಅಂಕವನ್ನು ಏರಿಸುತ್ತದೆ. ನನ್ನನ್ನು ಹೆಚ್ಚು ಕಾಡುವ ತೊಡಕು ಬೇರೆಯದು. ಘಟಕ ಚೆನ್ನಾಗಿ ಕೆಲಸ ಮಾಡಿದಷ್ಟೂ ಹೊರಬೀಳುವ ಅಲ್ಪ ಸಾರಜನಕದ ಅಂಕ ಇನ್ನೂ ಮೇಲೇರಬಹುದು. ಹಸಿ ಕೊಳಚೆಯನ್ನು ನೇರವಾಗಿ ಸುರಿಯುವ ಊರಿನ ದಡದಲ್ಲಿ ಗುರುತು ಮಸುಕಾಗಿರಬಹುದು. ಅಂದರೆ ಹೆಚ್ಚು ತಪ್ಪು ಮಾಡಿದವರೇ ಪಾರಾಗುವ ಅಪಾಯವಿದೆ. ಭಾರತದ ಕರಾವಳಿಯಲ್ಲಿ ಈ ವಿಧಾನ ಬಳಸುವವರು ಇದನ್ನು ಮರೆಯಬಾರದು.

ಸಾರಜನಕ ಎಲ್ಲಿಂದ ಬಂತೆಂದು ಪಾಚಿ ಹೇಳೀತು, ಎಷ್ಟು ಬಂತೆಂದು ಹೇಳಲಾರದು. ಐಸೊಟೋಪ್ ನಕ್ಷೆಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ, ಕೊಳವೆಯಿಂದ ದಿನಕ್ಕೆ ಎಷ್ಟು ಕಿಲೋ ಸಾರಜನಕ ಬೀಳುತ್ತಿದೆ ಎಂಬ ಲೆಕ್ಕವನ್ನೂ ಜೊತೆಗೇ ಕೇಳಿ.